ಒಂದೇ ಪುಸ್ತಕ, ಎರಡು ಪೆನ್ಸಿಲ್

ಹದಿಹರೆಯದವರಿಗಾಗಿ ಬರೆದ ಪ್ರೇಮಕಾದಂಬರಿಗಳನ್ನು ನಾನು ಓದಲು ಹಿಡಿದದ್ದು ನಲವತ್ತು ದಾಟಿದ ಮೇಲೆ. ಈಗ ಅದೇ ನನ್ನ ಇಷ್ಟದ ಓದು. ಇವುಗಳಲ್ಲಿ ಮಾಟಮಂತ್ರವಿಲ್ಲ, ಬೇರೆ ಲೋಕವಿಲ್ಲ. ಇವತ್ತಿನ ಹುಡುಗ ಹುಡುಗಿಯರು, ಅವರ ಕಾಲೇಜು, ಗೆಳೆತನ, ಮೊದಲ ಪ್ರೀತಿ, ಅಷ್ಟೇ. ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಶುರುವಿನಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೊನೆ ತಿಳಿಯುವ ಆತುರದಲ್ಲಿ ಓದಿದವರಿಗೆ ಕೈಗೆ ಹತ್ತುವುದು ಬಹಳ ಕಡಿಮೆ. ಇವುಗಳ ಜೀವವೆಲ್ಲ ನಡುವಿನ ಪುಟಗಳಲ್ಲಿದೆ, ಪರಿಚಯವಿಲ್ಲದ ಇಬ್ಬರು ಮೊದಲು ಸ್ನೇಹಿತರಾಗುವ ಪುಟಗಳಲ್ಲಿ. ಅಲ್ಲಿ ನಿಂತು ಓದುವುದನ್ನು ನನಗೆ ಕಲಿಸಿದ್ದು ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’, ಮತ್ತು ಅದನ್ನು ನನ್ನ ಜೊತೆ ಓದಿದ ಅಕ್ಕನ ಮಗಳು.

ಪುಸ್ತಕ ಸಿಕ್ಕಿದ್ದು ಚರ್ಚ್ ಸ್ಟ್ರೀಟ್‌ನ ಬ್ಲಾಸಂನಲ್ಲಿ, ಸೆಕೆಂಡ್ ಹ್ಯಾಂಡ್ ಪ್ರತಿ. ಮುಖಪುಟದಲ್ಲಿ ಕೈಗೆ ಮೆಹಂದಿ ಹಾಕಿಕೊಂಡ ಹುಡುಗಿ ಐಸ್ಡ್ ಕಾಫಿ ಹಿಡಿದು ನಗುತ್ತಾಳೆ. 2017ರಲ್ಲಿ ಅಮೆರಿಕದಲ್ಲಿ ಬಂದ ಕಾದಂಬರಿ ಇದು. ಡಿಂಪಲ್ ಶಾ, ರಿಷಿ ಪಟೇಲ್ ಇಬ್ಬರೂ ಭಾರತದಿಂದ ಅಲ್ಲಿಗೆ ಹೋಗಿ ನೆಲೆಸಿದ ಮನೆಗಳ ಮಕ್ಕಳು. ಅವಳಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಸೀಟು ಸಿಕ್ಕಿದೆ, ಅವನಿಗೆ ಎಂಐಟಿಯಲ್ಲಿ. ಕಾಲೇಜು ಶುರುವಾಗುವ ಮೊದಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಇನ್ಸೋಮ್ನಿಯಾ ಕಾನ್’ ಎಂಬ ಬೇಸಿಗೆ ಶಿಬಿರ, ಆ್ಯಪ್ ಕಟ್ಟುವ ಸ್ಪರ್ಧೆ. ಅಪ್ಪ ಅಮ್ಮ ಇಷ್ಟು ಸುಲಭವಾಗಿ ಒಪ್ಪಿಬಿಟ್ಟರಲ್ಲ ಎಂದು ಡಿಂಪಲ್‌ಗೆ ಆಶ್ಚರ್ಯ. ಒಪ್ಪಿಗೆಯ ಹಿಂದಿನ ಕಾರಣ ರಿಷಿ. ಎರಡೂ ಮನೆಯವರು ಸೇರಿ ಈ ಇಬ್ಬರಿಗೂ ಜೋಡಿ ಮಾಡುವ ಮಾತಾಡಿಕೊಂಡಿದ್ದಾರೆ. ಹುಡುಗನಿಗೆ ಅದು ಗೊತ್ತು. ಹುಡುಗಿಗೆ ಗೊತ್ತಿಲ್ಲ.

ಅಕ್ಕನ ಮನೆ ವಿಜಯನಗರದಲ್ಲಿ, ನಮ್ಮ ಮೇಲಿನ ಮಹಡಿಯಲ್ಲೇ. ಅವಳ ಮಗಳು ಆಗ ಸೆಕೆಂಡ್ ಪಿಯುಸಿ. ಹಗಲು ಪುಸ್ತಕ ನನ್ನ ಬ್ಯಾಗಿನಲ್ಲಿ. ಬೆಳಗ್ಗೆ ಮೆಟ್ರೋದಲ್ಲಿ ಇಂದಿರಾನಗರಕ್ಕೆ ಹೋಗುವಾಗ ಓದುತ್ತಿದ್ದೆ. ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್‌ಗೆ ಬದಲಾಯಿಸುವವರು ಇಳಿದರೆ ಸೀಟು ಸಿಗುತ್ತದೆ, ಅಲ್ಲಿಂದ ಮುಂದೆ ನೆಮ್ಮದಿಯ ಓದು. ರಾತ್ರಿ ಪುಸ್ತಕ ಮಹಡಿ ಹತ್ತಿ ಅವಳ ಕೈ ಸೇರುತ್ತಿತ್ತು. ನಮ್ಮಲ್ಲಿದ್ದ ಕಟ್ಟಳೆ ಒಂದೇ: ಹಿಂದೆ ಉಳಿದವರನ್ನು ಮುಂದೆ ಹೋದವರು ಕಾಯಬೇಕು. ಇದರಿಂದ ನನ್ನ ಓದಿನ ವೇಗ ತಾನಾಗಿ ತಗ್ಗಿತು. ಅವಳ ಟೆಸ್ಟ್ ಇದ್ದ ವಾರದಲ್ಲಿ ಓದಿದ್ದ ಪುಟಗಳನ್ನೇ ಮತ್ತೆ ತಿರುವಿದೆ. ಮೊದಲ ಓದಿನಲ್ಲಿ ಕಣ್ಣಿಗೆ ಬೀಳದ ಎಷ್ಟೋ ಸಣ್ಣ ಮಾತುಗಳು ಸಿಕ್ಕಿದ್ದು ಹಾಗೆಯೇ.

ನಾನು ಕಪ್ಪು ಪೆನ್ಸಿಲ್ ಇಟ್ಟುಕೊಂಡೆ, ಅವಳು ಕೆಂಪು. ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ನಿಜವಾದ ಕುತೂಹಲದಿಂದ ಏನಾದರೂ ಕೇಳಿದ ಕಡೆಯೆಲ್ಲ ಅಂಚಿನಲ್ಲಿ ಒಂದು ಗೆರೆ ಎಳೆಯುವುದು ನನ್ನ ಕೆಲಸ. ಏನನ್ನು ಗುರುತಿಸಬೇಕು ಅಂತ ಅವಳಿಗೆ ನಾನು ಹೇಳಲಿಲ್ಲ, ಅವಳ ಇಷ್ಟಕ್ಕೆ ಬಿಟ್ಟೆ.

ಮೊದಲ ಭೇಟಿಯ ಪುಟದಲ್ಲಿ ನನ್ನ ಗೆರೆ ಒಂದೂ ಇಲ್ಲ. ರಿಷಿ ನೇರವಾಗಿ ಬಂದು, ತಮಾಷೆಯೆಂದುಕೊಂಡು, ಅವಳನ್ನು ತನ್ನ ಭಾವೀ ಹೆಂಡತಿ ಎಂದೇ ಮಾತಾಡಿಸುತ್ತಾನೆ. ಏನೂ ಗೊತ್ತಿಲ್ಲದ ಡಿಂಪಲ್ ಕೈಯಲ್ಲಿದ್ದ ಐಸ್ಡ್ ಕಾಫಿಯನ್ನು ಅವನ ಮೇಲೆ ಎರಚಿ ಓಡುತ್ತಾಳೆ. ಆ ರಾತ್ರಿ ಮೇಲಿನಿಂದ ಫೋನ್ ಬಂತು.

“ಚಿಕ್ಕಿ, ಅವಳು ಎರಚಿದ್ದು ಸರಿ ಅಲ್ವಾ?”

“ಸರಿಯೇ ಕಣೇ. ಆದರೆ ಆ ಹುಡುಗನ ಪಾಡು ನೋಡು, ಅವಳಿಗೂ ಎಲ್ಲ ಗೊತ್ತು ಅಂತ ನಂಬಿಕೊಂಡು ಬಂದವನು.”

“ಹಾಗಾದ್ರೆ ತಪ್ಪು ಅಪ್ಪ ಅಮ್ಮಂದಿರದ್ದೇ.”

ಹೌದು, ಅಂದೆ. ಕಾದಂಬರಿ ಕೂಡ ಬಹಳ ಮೆತ್ತಗೆ ಅದನ್ನೇ ಹೇಳುತ್ತದೆ. ಹಾಗಂತ ಆ ಅಪ್ಪ ಅಮ್ಮಂದಿರನ್ನು ಕೆಟ್ಟವರನ್ನಾಗಿ ಮಾಡುವುದಿಲ್ಲ. ಈ ಬಗೆಯ ಕಥೆಗಳಲ್ಲಿ ನಾನು ಹುಡುಕುವ ದೊಡ್ಡ ಗುಣ ಇದು.

ಆಮೇಲೆ ಸ್ಪರ್ಧೆಯಲ್ಲಿ ಅವರಿಬ್ಬರೇ ಒಂದು ತಂಡ. ಡಿಂಪಲ್ ಕಟ್ಟಬೇಕೆಂದಿರುವುದು ಔಷಧಿ ತೆಗೆದುಕೊಳ್ಳುವುದನ್ನೇ ಆಟದಂತೆ ಮಾಡುವ ಆ್ಯಪ್. ಸಕ್ಕರೆ ಕಾಯಿಲೆಯ ಅಪ್ಪನನ್ನು ನೋಡುತ್ತಾ ಬೆಳೆದ ಮಗಳಿಗೆ ಹೊಳೆದದ್ದು. ರಿಷಿ ಅದರ ಬಗ್ಗೆ ಕೇಳತೊಡಗಿದ ಕಡೆಯಿಂದ ನನ್ನ ಕಪ್ಪು ಗೆರೆಗಳು ಒತ್ತೊತ್ತಾಗುತ್ತವೆ. ಅವನೊಳಗೊಬ್ಬ ಚಿತ್ರಗಾರನಿದ್ದಾನೆ. ಸೂರ್ಯದೇವ ಆದಿತ್ಯನನ್ನು ನಾಯಕನನ್ನಾಗಿ ಮಾಡಿಕೊಂಡು ಕಾಮಿಕ್ಸ್ ಬರೆದವನು, ಅದನ್ನು ಯಾರಿಗೂ ಹೆಚ್ಚಾಗಿ ತೋರಿಸದೆ ಮುಚ್ಚಿಟ್ಟಿದ್ದಾನೆ. ದೊಡ್ಡ ಮಗ, ಓದಿ ಕೆಲಸ ಹಿಡಿಯಬೇಕು, ಚಿತ್ರ ಹೊಟ್ಟೆಗೆ ಅನ್ನ ಕೊಡುವುದಿಲ್ಲ ಅನ್ನುವುದು ಅವನೇ ತನಗೆ ಹಾಕಿಕೊಂಡ ಲೆಕ್ಕ. ಇಷ್ಟು ಚೆನ್ನಾಗಿ ಬರೆಯುವವನು ಇದನ್ನೇಕೆ ಬಿಡುತ್ತೀಯ ಎಂದು ಡಿಂಪಲ್ ಮತ್ತೆ ಮತ್ತೆ ಕೇಳುತ್ತಾಳೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟಿನ ಮಾತು ಕೇಳಿಯೇ ಬೆಳೆದ ಯಾರಿಗಾದರೂ ಈ ಪುಟಗಳು ನಮ್ಮ ಮನೆಯದೇ ಅನಿಸುತ್ತವೆ. ಅವರ ನಡುವೆ ಪ್ರೀತಿ ಹುಟ್ಟಿದ ಜಾಗ ಯಾವುದು ಎಂದು ನನ್ನನ್ನು ಕೇಳಿದರೆ ಮೊದಲ ಮುತ್ತಿನ ಪುಟ ತೋರಿಸುವುದಿಲ್ಲ, ಈ ಗೆರೆಗಳನ್ನು ತೋರಿಸುತ್ತೇನೆ.

ಅಕ್ಕನ ಮಗಳ ಕೆಂಪು ಗುರುತುಗಳು ಬೇರೆಲ್ಲೋ ಇದ್ದವು. ಬಹುಪಾಲು ಡಿಂಪಲ್‌ಳ ರೂಮ್‌ಮೇಟ್ ಸೀಲಿಯಾ ಬರುವ ಪುಟಗಳಲ್ಲಿ. ಸೀಲಿಯಾ ಒಳ್ಳೆಯ ಹುಡುಗಿ, ಆದರೆ ಶಿಬಿರದ ಶ್ರೀಮಂತ ಗುಂಪಿನ ಜೊತೆ ಸೇರಿಕೊಳ್ಳುತ್ತಾಳೆ. ಆ ಗುಂಪಿಗೆ ಡಿಂಪಲ್‌ಳನ್ನು ಕಂಡರೆ ತಾತ್ಸಾರ. ಗೆಳತಿಯನ್ನು ಬಿಡಲೂ ಆಗದೆ, ಆ ಗುಂಪಿನಲ್ಲಿ ಕೂರಲೂ ಆಗದೆ ಡಿಂಪಲ್ ಒದ್ದಾಡುವ ಒಂದು ಪುಟದಲ್ಲಿ ಅವಳು ಅಂಚಿನುದ್ದಕ್ಕೂ ಗೆರೆ ಎಳೆದು ಪಕ್ಕದಲ್ಲಿ ‘ನಮ್ಮ ಕ್ಲಾಸ್’ ಎಂದು ಬರೆದಿದ್ದಳು. ಅದನ್ನು ನೋಡಿ ಎಷ್ಟೋ ಹೊತ್ತು ಪುಟ ತಿರುಗಿಸಲಿಲ್ಲ. ಹದಿನೇಳರ ವಯಸ್ಸಿನಲ್ಲಿ ಹುಡುಗನ ವಿಷಯಕ್ಕಿಂತ ಗೆಳತಿಯ ವಿಷಯವೇ ಹೆಚ್ಚು ನಿದ್ದೆ ಕೆಡಿಸುತ್ತದೆ. ಆ ಶನಿವಾರ ಅವಳು ಕಬ್ಬನ್ ಪಾರ್ಕಿಗೆ ಕರೆದಳು. 2023ರಲ್ಲಿ ಶುರುವಾದ ‘ಕಬ್ಬನ್ ರೀಡ್ಸ್’ ಅಲ್ಲಿ ನಡೆಯುತ್ತದಲ್ಲ, ಜನ ಚಾಪೆ ಹಾಸಿಕೊಂಡು ಮಾತಿಲ್ಲದೆ ತಮ್ಮ ತಮ್ಮ ಪುಸ್ತಕ ಓದುತ್ತಾರೆ. ಓದಿದೆವು. ವಾಪಸ್ ಬರುವಾಗ ಮೆಟ್ರೋ ಸ್ಟೇಷನ್‌ವರೆಗೆ ನಡೆಯುತ್ತಾ ಅವಳು ಸೀಲಿಯಾಳ ಬಗ್ಗೆ ಹೇಳತೊಡಗಿದಳು, ಹೇಳುತ್ತಾ ಹೇಳುತ್ತಾ ತನ್ನ ಗೆಳತಿಯ ಬಗ್ಗೆ. ನಾನು ಬುದ್ಧಿಮಾತು ಹೇಳಲಿಲ್ಲ, ಆಮೇಲೇನಾಯ್ತು ಎಂದಷ್ಟೇ ಕೇಳುತ್ತಾ ಹೋದೆ.

ಅಕ್ಕನಿಗೆ ಮೊದಲು ಇದು ಹಿಡಿಸಲಿಲ್ಲ. “ಸಿಇಟಿ ಹತ್ತಿರ ಬಂತು, ಈಗ ಲವ್ ಸ್ಟೋರಿ ಬೇಕಾ? ಅವಳಿಗಾದರೆ ವಯಸ್ಸು, ನಿನಗೇನಾಗಿದೆಯೇ?” ಅಂದಳು. ಅಮೆರಿಕದಲ್ಲಿ 2012ರಲ್ಲಿ ಬೌಕರ್ ಸಂಸ್ಥೆ ಮಾಡಿದ ಸಮೀಕ್ಷೆಯ ಪ್ರಕಾರ ಹದಿಹರೆಯದವರಿಗೆಂದು ಬರೆದ ಪುಸ್ತಕ ಕೊಳ್ಳುವವರಲ್ಲಿ ನೂರಕ್ಕೆ 55 ಮಂದಿ ಹದಿನೆಂಟು ದಾಟಿದವರೇ, ಅದರಲ್ಲೂ ಮೂವತ್ತರಿಂದ ನಲವತ್ನಾಲ್ಕರವರೇ ಹೆಚ್ಚು ಎಂದು ಹೇಳಿದೆ. ಅಂಕಿಸಂಖ್ಯೆಗೆ ಬಗ್ಗುವವಳಲ್ಲ ನಮ್ಮಕ್ಕ. ಕೊನೆಗೆ ಮೊದಲ ಅಧ್ಯಾಯವನ್ನು ಓದಿ ಹೇಳಿದೆ. ಮಗಳು ಕಣ್ಣಿಗೆ ಕಾಡಿಗೆ ಹಚ್ಚಲ್ಲ, ಕನ್ನಡಕ ಬಿಡಲ್ಲ, ಒಳ್ಳೆಯ ಗಂಡು ಹೇಗೆ ಸಿಗಬೇಕು ಎಂದು ಡಿಂಪಲ್‌ಳ ತಾಯಿ ಪೇಚಾಡುವ ಭಾಗ. ಅಕ್ಕ ಹುರುಳಿಕಾಯಿ ಮುರಿಯುತ್ತಾ ಕೇಳಿದಳು, ನಡುವೆ ನಕ್ಕಳು, ಮುಗಿದ ಮೇಲೆ “ಆ ತಾಯಿಗೂ ಭಯ ಇರುತ್ತಪ್ಪಾ” ಅಂದಳು. ಅಲ್ಲಿಂದ ಮುಂದೆ ತಕರಾರು ಬರಲಿಲ್ಲ.

ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊಡಬೇಕೆಂದಿರುವವರಿಗೆ ಒಂದು ಮಾತು: ಕಥೆಯಲ್ಲಿ ಅವರಿಬ್ಬರೂ ದೈಹಿಕವಾಗಿ ಹತ್ತಿರವಾಗುವ ಪ್ರಸಂಗವಿದೆ. ಎಳೆದು ಬರೆದಿಲ್ಲ, ಒಬ್ಬರ ಒಪ್ಪಿಗೆಯನ್ನು ಇನ್ನೊಬ್ಬರು ಗೌರವಿಸುವ ಹಾಗೆಯೇ ಇದೆ. ನಾನು ಆ ಪುಟಕ್ಕೆ ಬಂದಾಗ ಪುಸ್ತಕ ತಡೆಹಿಡಿಯಲಿಲ್ಲ. ಹನ್ನೆರಡು ಹದಿಮೂರರವರಿಗೆ ಕೊಡುವ ಮೊದಲು ಮಾತ್ರ ದೊಡ್ಡವರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕಾದಂಬರಿಯಲ್ಲಿ ಕೊರತೆ ಇಲ್ಲದಿಲ್ಲ. ಕೋಡಿಂಗ್ ಮೇಲೆ ಪ್ರಾಣ ಇಟ್ಟ ಹುಡುಗಿ ಎಂದು ಶುರುವಾಗುತ್ತದೆ, ಕೋಡ್ ಬರೆಯುವುದು ಮಾತ್ರ ಕಾಣಿಸುವುದು ಅಪರೂಪ. ಟ್ಯಾಲೆಂಟ್ ಶೋ, ಡ್ಯಾನ್ಸಿನ ತಯಾರಿಗೆ ಸಿಕ್ಕಷ್ಟು ಜಾಗ ಆ ಆ್ಯಪ್‌ಗೆ ಸಿಕ್ಕಿಲ್ಲ. ಶ್ರೀಮಂತ ಗುಂಪಿನ ಹುಡುಗರೂ ತೀರಾ ಒಂದೇ ಬಣ್ಣದವರು. ಅದೇ ರಿಷಿಯನ್ನು ನೋಡಿ: ಸಂಪ್ರದಾಯವನ್ನು ಮನಸಾರೆ ಪ್ರೀತಿಸುವ ಹುಡುಗ, ಅವನನ್ನು ಹಳೇಕಾಲದವನೆಂದು ಎಲ್ಲೂ ಹಗುರ ಮಾಡಿಲ್ಲ. ಅಂಥ ನಾಯಕ ಈ ಬಗೆಯ ಕಥೆಗಳಲ್ಲಿ ನನಗೆ ಮತ್ತೆ ಸಿಕ್ಕಿಲ್ಲ.

ಇದನ್ನಾಧರಿಸಿದ ‘ಮಿಸ್‌ಮ್ಯಾಚ್ಡ್’ ಸರಣಿ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ಪ್ರಾಜಕ್ತಾ ಕೋಲಿ ಮತ್ತು ರೋಹಿತ್ ಸರಾಫ್ ನಟಿಸಿದ್ದು. ಕಥೆ ರಾಜಸ್ಥಾನಕ್ಕೆ ಬಂದಿದೆ. ಪುಸ್ತಕ ಮುಗಿಯುವವರೆಗೆ ನೋಡಬಾರದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಪರದೆಯ ಮುಖ ಒಮ್ಮೆ ಕಣ್ಣಿಗೆ ಬಿದ್ದರೆ ನಾವೇ ಕಟ್ಟಿಕೊಂಡ ಡಿಂಪಲ್ ಹೊರಟುಹೋಗುತ್ತಾಳೆ.

ಕೊನೆಯ ಅಧ್ಯಾಯಗಳನ್ನು ಮಾತ್ರ ಇಬ್ಬರೂ ಒಟ್ಟಿಗೆ ಕೂತು, ಸರದಿಯಂತೆ ಜೋರಾಗಿ ಓದಿದೆವು. ರಿಷಿಯ ಮಾತು ನನಗೆ, ಡಿಂಪಲ್‌ಳದ್ದು ಅವಳಿಗೆ. ಇಬ್ಬರೂ ಮಾತಿಗೆ ಮಾತು ಬೆಳೆಸಿ ಒಬ್ಬರನ್ನೊಬ್ಬರು ನೋಯಿಸುವ ಕಡೆ ಅವಳ ದನಿ ಗಟ್ಟಿಯಾಯಿತು. ಡಿಂಪಲ್ ಮಾಡಿದ್ದು ಸರಿಯಲ್ಲ ಎಂದು ನಾನು, ಸರಿಯೇ ಎಂದು ಅವಳು. ಈಗಲೂ ಅದು ತೀರ್ಮಾನವಾಗಿಲ್ಲ. ರಿಷಿಯ ತಮ್ಮ ಆಶಿಶ್‌ನ ಕಥೆ ‘ದೇರ್ಸ್ ಸಮ್‌ಥಿಂಗ್ ಅಬೌಟ್ ಸ್ವೀಟಿ’ ಎಂಬ ಹೆಸರಲ್ಲಿ 2019ರಲ್ಲಿ ಬಂದಿದೆ. ಅದನ್ನು ತಂದಾಯಿತು. ಈ ಸಲ ಕಪ್ಪು ಪೆನ್ಸಿಲ್ ತನಗೆ ಬೇಕು ಅನ್ನುತ್ತಿದ್ದಾಳೆ.