ನಂಬರ್ ಬರೆದ ಬಾಟಲಿಗಳು: ಕಲಬುರಗಿಯಲ್ಲಿ ನಾವು ಮಾಡುವ ಶುಂಠಿ ಬಿಯರ್

ಮನೆಯಲ್ಲೇ ಬಿಯರ್ ಮಾಡಿ ಸ್ಪರ್ಧೆಗೆ ಕಳಿಸುವ ಹವ್ಯಾಸ ಅಮೆರಿಕದಲ್ಲಿ ಬಹಳ ಜನಕ್ಕಿದೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಕಲಬುರಗಿಯ ನಾವು ಕೆಲವು ಗೆಳೆಯರು ಶುಂಠಿ ಬಿಯರ್ ಹಿಡಿದುಕೊಂಡೆವು. ನಾವು ಮಾಡುವುದರಲ್ಲಿ ಅಮಲು ಇರುವುದಿಲ್ಲ. ಆದರೆ ಹುದುಗಿಸುವ ಶಿಸ್ತು, ಬಾಟಲಿ ತುಂಬುವ ಎಚ್ಚರ, ರುಚಿಗೆ ಅಂಕ ಹಾಕುವ ಕ್ರಮ ಇವೆಲ್ಲ ಬಿಯರ್ ಮಾಡುವವರಿಂದಲೇ ಬಂದದ್ದು. ನಮ್ಮ ಜೊತೆ ಓದಿದವನೊಬ್ಬ ಈಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಗ್ಯಾರೇಜಿನಲ್ಲಿ ಬಿಯರ್ ಮಾಡಿ ಸ್ಪರ್ಧೆಗೆ ಇಳಿಯುತ್ತಾನೆ. ನಮಗೆ ಈ ದಾರಿ ತೋರಿಸಿದವನು ಅವನೇ.

ಶುಂಠಿಗೆ ನಾವು ದೂರ ಹೋಗಬೇಕಿಲ್ಲ. ಪಕ್ಕದ ಬೀದರ್ ಜಿಲ್ಲೆ ಶುಂಠಿಗೆ ಹೆಸರಾದದ್ದು, ಹುಮನಾಬಾದ್ ಹೆಸರಿನದೇ ಒಂದು ತಳಿಯಿದೆ. ಹೊಸದಾಗಿ ಕಿತ್ತ, ಮಣ್ಣು ಅಂಟಿದ ಶುಂಠಿ ಸಿಕ್ಕರೆ ಬಿಡುವುದಿಲ್ಲ, ಯಾಕೆಂದರೆ ಸಕ್ಕರೆ ತಿಂದು ಹುದುಗಿಸುವ ಸೂಕ್ಷ್ಮಜೀವಿ, ಅಂದರೆ ಯೀಸ್ಟ್, ಇರುವುದು ಸಿಪ್ಪೆಯ ಮೇಲೆ. ಮಣ್ಣು ಹೋಗುವಷ್ಟು ತೊಳೆದು, ಸಿಪ್ಪೆ ಸಮೇತ ತುರಿಯುತ್ತೇವೆ. ಅರ್ಧ ಲೀಟರ್ ನೀರಿಗೆ ಎರಡು ಚಮಚ ತುರಿ, ಎರಡು ಚಮಚ ಸಕ್ಕರೆ. ದಿನಾ ಒಂದೊಂದು ಚಮಚ ಎರಡನ್ನೂ ಹಾಕಿ ಕಲಕಬೇಕು. ನಾಲ್ಕೈದು ದಿನಕ್ಕೆ ಮೇಲೆ ನೊರೆ ಕಟ್ಟಿ, ಕಿವಿಗೊಟ್ಟರೆ ಸಣ್ಣಗೆ ಸಿರ್ ಅನ್ನುತ್ತದೆ. ಇದೇ ನಮ್ಮ ಹುದುಗು. ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ ಯೀಸ್ಟ್‌ಗೆ ಕಷ್ಟ, ಅದಕ್ಕೆ ನೀರನ್ನು ಕುದಿಸಿ ಆರಿಸಿಯೇ ಬಳಸುತ್ತೇವೆ.

ಮುಂದಿನದು ಸರಳ. ನಾಲ್ಕು ಲೀಟರ್ ನೀರಿಗೆ ನೂರೈವತ್ತು ಗ್ರಾಂ ಶುಂಠಿ ಜಜ್ಜಿ ಹಾಕಿ ಕಾಲು ಗಂಟೆ ಕುದಿಸಿ, ಲೀಟರಿಗೆ ಎಂಬತ್ತು ಗ್ರಾಂ ಲೆಕ್ಕದಲ್ಲಿ ಸಕ್ಕರೆ ಕರಗಿಸಿ, ಪೂರ್ತಿ ತಣ್ಣಗಾದ ಮೇಲೆ ಎರಡು ನಿಂಬೆಹಣ್ಣಿನ ರಸ ಹಿಂಡಿ, ಒಂದು ಲೋಟ ಹುದುಗು ಸೋಸಿ ಸೇರಿಸುವುದು. ಬೆಲ್ಲ ಹಾಕಿದರೆ ಬಣ್ಣ ಚಂದ ಬರುತ್ತದೆ, ಆದರೆ ಶುಂಠಿ ಹಿಂದೆ ಬೀಳುತ್ತದೆ. ನನಗೆ ಸಕ್ಕರೆಯದೇ ಇಷ್ಟ.

ಬಾಟಲಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಇಲ್ಲಿ ಸಲುಗೆ ನಡೆಯುವುದಿಲ್ಲ. ನಾವು ಗಾಜಿನ ಬಾಟಲಿ ಮುಟ್ಟುವುದಿಲ್ಲ. ಒಳಗೆ ಗ್ಯಾಸ್ ತುಂಬಿ ಗಾಜು ಸಿಡಿದರೆ ಕಣ್ಣಿಗೆ ಅಪಾಯ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗಳು ಆ ಒತ್ತಡಕ್ಕೆಂದೇ ಮಾಡಿದವು, ಮೇಲಾಗಿ ಹಿಚುಕಿ ನೋಡಬಹುದು. ತುಂಬಿದಾಗ ಮೆತ್ತಗಿದ್ದ ಬಾಟಲಿ ಬೆರಳಿಗೆ ಕಲ್ಲಿನಂತೆ ಬಿರುಸಾದ ಹೊತ್ತಿಗೆ ಫ್ರಿಜ್ಜಿನೊಳಗೆ ಹೋಗಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಆಗ ಒಂದೇ ದಿನ ಸಾಕು. ಆ ಬಿಸಿಗೆ ಯೀಸ್ಟ್‌ಗಿಂತ ಹುಳಿ ಮಾಡುವ ಬ್ಯಾಕ್ಟೀರಿಯಾ ಮುಂದೆ ಓಡಿ ರುಚಿ ಕೆಡಿಸುತ್ತದೆ. ಬೇಸಿಗೆಯಲ್ಲಿ ಮಾಡಲೇಬೇಕೆಂದರೆ ಶಹಾಬಾದ್ ಫರ್ಸಿ ಹಾಸಿದ ಕೋಣೆಯ ಮೂಲೆಯಲ್ಲಿ ಬಾಟಲಿಗಳನ್ನು ನಿಲ್ಲಿಸಿ, ಒದ್ದೆ ಗೋಣಿಚೀಲ ಹೊದಿಸಿ, ಫ್ಯಾನ್ ಹಾಕುತ್ತೇವೆ. ಆದರೂ ನನ್ನ ಮಾತು ಕೇಳುವವರಿಗೆ ನಾನು ಹೇಳುವುದು ಡಿಸೆಂಬರ್, ಜನವರಿ ಅಂತ.

ಅಮಲು ಏರದಂತೆ ನೋಡಿಕೊಳ್ಳಲು ಹೈಡ್ರೋಮೀಟರ್ ಬೇಕು. ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಅದು, ನಮ್ಮಲ್ಲಿ ಒಬ್ಬ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾನೆ, ಅವನಿಗೆ ಇದು ನೀರು ಕುಡಿದಷ್ಟು ಸಲೀಸು. ಬರಿ ನೀರಿಗೆ 1.000 ತೋರಿಸುವ ಅಳತೆ, ಲೀಟರಿಗೆ ಎಂಬತ್ತು ಗ್ರಾಂ ಸಕ್ಕರೆ ಹಾಕಿದಾಗ ಸುಮಾರು 1.031 ತೋರಿಸುತ್ತದೆ. ಯೀಸ್ಟ್ ಸಕ್ಕರೆ ತಿಂದಂತೆ ಅದು ಇಳಿಯುತ್ತದೆ. 1.027ಕ್ಕೆ ಬಂದರೆ ಆಲ್ಕೋಹಾಲ್ ಹೆಚ್ಚು ಕಡಿಮೆ ಅರ್ಧ ಪರ್ಸೆಂಟ್ ಆಯಿತು ಅಂತ ಲೆಕ್ಕ. ಅದಕ್ಕಿಂತ ಮೊದಲೇ, 1.028ಕ್ಕೇ ನಿಲ್ಲಿಸುತ್ತೇವೆ. ಅಳೆಯಲು ಒಂದು ಬಾಟಲಿ ಬೇರೆಯೇ ಇಟ್ಟು, ಲೋಟಕ್ಕೆ ಸುರಿದು, ಗ್ಯಾಸ್ ಪೂರ್ತಿ ಹೋಗುವವರೆಗೆ ಕಲಕಬೇಕು. ಇಲ್ಲದಿದ್ದರೆ ಗುಳ್ಳೆಗಳು ಕೊಳವೆಯನ್ನು ಮೇಲೆತ್ತಿ ಸುಳ್ಳು ಲೆಕ್ಕ ತೋರಿಸುತ್ತವೆ. ಫ್ರಿಜ್ಜಿನಲ್ಲಿ ಯೀಸ್ಟ್ ಸಾಯುವುದಿಲ್ಲ, ಮಂದವಾಗುತ್ತದೆ ಅಷ್ಟೇ. ಹಾಗಾಗಿ ಕೆಲವೇ ದಿನದಲ್ಲಿ ಕುಡಿದು ಮುಗಿಸುವುದು.

ಇನ್ನು ಜೋಳ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಗೆಳೆಯನೊಬ್ಬನದು ಜೇವರ್ಗಿ ಕಡೆ ಹೊಲ, ಹಿಂಗಾರಿಗೆ ಮಾಲದಂಡಿ ಜೋಳ ಹಾಕುತ್ತಾನೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಮಾಡುವ ಹಾಗೆ ಜೋಳದಿಂದ ಯಾಕಾಗದು ಅಂತ ಕೇಳಿದವನು ಅವನೇ. ಆಗುತ್ತದೆ, ಆಫ್ರಿಕಾದಲ್ಲಿ ಜೋಳದ ಮಾಲ್ಟಿನಿಂದ ಬಿಯರ್ ಮಾಡುವುದು ಹಳೆಯ ಪದ್ಧತಿ. ನಾವು ಜೋಳವನ್ನು ಒಂದು ದಿನ ನೆನೆಹಾಕಿ, ನಡುವೆ ನೀರು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇವೆ. ಮೂರ್ನಾಲ್ಕು ದಿನಕ್ಕೆ ಮೊಳಕೆ ಚೆನ್ನಾಗಿ ಬರುತ್ತದೆ. ಆಮೇಲೆ ಬಿಸಿಲಿಗೆ ಹರವಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ, ಮೊಳಕೆ, ಬೇರು ಎಲ್ಲ ಉದುರಿಸಿ ಮೊರದಲ್ಲಿ ಕೇರಬೇಕು. ಈ ಹೆಜ್ಜೆ ಬಿಡುವಂತಿಲ್ಲ. ಎಳೆ ಜೋಳದ ಪೈರು ಮೇಯ್ದ ದನ ಉಳಿಯುವುದು ಕಷ್ಟ ಅಂತ ನಮ್ಮ ಕಡೆ ಒಕ್ಕಲುತನದವರಿಗೆಲ್ಲ ಗೊತ್ತು. ಆ ಪೈರಿನಲ್ಲಿ ಧುರಿನ್ ಎಂಬ ವಸ್ತುವಿದೆ, ಅದು ಒಡೆದು ಸೈನೈಡ್ ಬಿಡುತ್ತದೆ. ಮೊಳಕೆಯಲ್ಲೂ ಅದೇ ಇರುತ್ತದೆ. ಅದಕ್ಕೇ ಕೇರುವುದು, ಕೊನೆಗೆ ರಸವನ್ನು ಮುಚ್ಚಳ ತೆಗೆದು ಚೆನ್ನಾಗಿ ಕುದಿಸುವುದು.

ಜೋಳದ ಪಿಷ್ಟ ಬಾರ್ಲಿಯದಕ್ಕಿಂತ ಹಟಮಾರಿ. ಎಪ್ಪತ್ತು ಡಿಗ್ರಿ ಆಸುಪಾಸಿನ ಬಿಸಿ ಸಿಗದೆ ಬಿಚ್ಚಿಕೊಳ್ಳುವುದಿಲ್ಲ, ಆ ಬಿಸಿಗೆ ಸಿಹಿ ಮಾಡುವ ಕಿಣ್ವಗಳು ಸೊರಗಿಬಿಡುತ್ತವೆ. ಆದ್ದರಿಂದ ಮಾಲ್ಟ್ ಹಿಟ್ಟಿನ ಮುಕ್ಕಾಲು ಪಾಲನ್ನು ಮೊದಲು ಅಂಬಲಿಯ ಹಾಗೆ ಬೇಯಿಸುತ್ತೇವೆ. ಅರವತ್ತೈದಕ್ಕೆ ಆರಿದ ಮೇಲೆ ಉಳಿದ ಕಾಲು ಪಾಲು ಹಿಟ್ಟು ಕಲಸಿ, ಪಾತ್ರೆಗೆ ಕಂಬಳಿ ಸುತ್ತಿಡುತ್ತೇವೆ. ಸವುಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇದ್ದದ್ದು ನೋಡನೋಡುತ್ತಲೇ ಸಡಿಲಾಗಿ, ಒಂದು ತಾಸಿನಲ್ಲಿ ಸವುಟಿನಿಂದ ಧಾರೆಯಾಗಿ ಇಳಿಯುತ್ತದೆ. ನಾಲಿಗೆಗಿಟ್ಟರೆ ಸಿಹಿ. ಸಕ್ಕರೆಯ ಕಾಳೂ ಹಾಕದೆ ಜೋಳ ಸಿಹಿಯಾಗುವುದನ್ನು ನೋಡಿದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬಟ್ಟೆಯಲ್ಲಿ ಹಿಂಡಿ ಸೋಸಿ ಕುದಿಸಿದ ಈ ರಸವನ್ನು ಶುಂಠಿ ಬಿಯರಿಗೆ ಅರ್ಧ ಸಕ್ಕರೆಯ ಬದಲು ಹಾಕುತ್ತೇವೆ, ಹೈಡ್ರೋಮೀಟರ್ ಮತ್ತೆ 1.031 ತೋರಿಸುವಷ್ಟು. ಮಾಲ್ಟನ್ನು ಹಂಚಿನ ಮೇಲೆ ಸ್ವಲ್ಪ ಹುರಿದುಕೊಂಡಿದ್ದರೆ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಟ್ಟಾಗಿನ ಘಮ ಬಾಟಲಿಯೊಳಗೂ ಉಳಿಯುತ್ತದೆ.

ನಮ್ಮ ಕೈಯನ್ನು ನಿಜಕ್ಕೂ ತಿದ್ದಿದ್ದು ಸ್ಪರ್ಧೆ. ಮನೆಯವರಿಗೆ ಕೊಟ್ಟರೆ ಏನಂತಾರೆ? ಗೆಳೆಯನ ತಾಯಿ ಪ್ರತಿ ಸಲ ಒಂದೇ ಮಾತು: ‘ಛಲೋ ಅದಪಾ, ಇನ್ನೊಂದೀಟು ಹಾಕು.’ ಕೇಳಲು ಖುಷಿ, ಆದರೆ ಮುಂದಿನ ಸಲ ಏನು ಬದಲಿಸಬೇಕು ಅಂತ ಅದರಿಂದ ತಿಳಿಯುವುದಿಲ್ಲ. ಅಮೆರಿಕದ ಗೆಳೆಯ ತನ್ನ ಸ್ಪರ್ಧೆಯ ಅಂಕಪಟ್ಟಿಗಳ ಫೋಟೊ ವಾಟ್ಸಾಪಿನಲ್ಲಿ ಹಾಕಿದ ಮೇಲೆ ನಮ್ಮ ಕಣ್ಣು ತೆರೆಯಿತು. 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ಸಂಸ್ಥೆ ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ಮಾಡಿ ದರ್ಜೆ ಕೊಡುತ್ತದೆ. ಅವರ ಪಟ್ಟಿಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ದಪ್ಪವೋ ತೆಳುವೋ ಅನಿಸುವುದಕ್ಕೆ 5, ಒಟ್ಟಾರೆಗೆ 10. ಬಣ್ಣಕ್ಕೆ ಮೂರೇ ಅಂಕ ನೋಡಿ ನನಗೆ ಸಮಾಧಾನವಾಯಿತು, ಸರಿಯಾದ ತೂಕ ಅದು. ಬಾಟಲಿಯ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಅಂಕದ ಪಕ್ಕ ಕಾರಣ ಬರೆಯಲೇಬೇಕು.

ಅವನ ಒಂದು ಬಿಯರಿಗೆ ತೀರ್ಪುಗಾರ ಬೆಣ್ಣೆ ವಾಸನೆ ಇದೆ ಅಂತ ಬರೆದಿದ್ದ. ಅದು ಡಯಾಸಿಟೈಲ್, ಹುದುಗುವಾಗ ಹುಟ್ಟುತ್ತದೆ, ಕೊನೆಯಲ್ಲಿ ಎರಡು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟ್ ತಾನೇ ಅದನ್ನು ಹೀರಿಕೊಳ್ಳುತ್ತದೆ. ಹಾಗೆ ಬಿಟ್ಟು ಮಾಡಿದ ಮುಂದಿನ ಬಿಯರಿನ ಪಟ್ಟಿಯಲ್ಲಿ ಆ ಮಾತೇ ಇರಲಿಲ್ಲ. ಗುರುತು ಪರಿಚಯ ಇಲ್ಲದವನೊಬ್ಬ ಬರೆದ ಒಂದು ಸಾಲಿನಿಂದ ಆದದ್ದು ಇಷ್ಟು.

ನಾವೂ ಅದೇ ಪಟ್ಟಿ ಕನ್ನಡದಲ್ಲಿ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ, ಮಿರ್ಚಿ ಭಜಿ ಒಳಗೆ ಹೋಗುವ ಮೊದಲೇ ಕೂರುತ್ತೇವೆ. ಸ್ಪರ್ಧೆಯಲ್ಲಿ ಇಲ್ಲದ ಗೆಳೆಯನ ಅಕ್ಕ ಒಳಕೋಣೆಯಲ್ಲಿ ಒಂದೇ ಥರದ ಗಾಜಿನ ಲೋಟಗಳಿಗೆ ಸುರಿದು, ನಂಬರ್ ಅಂಟಿಸಿ ತರುತ್ತಾರೆ. ಮೊದಲು ಮೂಗು, ಯಾಕೆಂದರೆ ಘಮ ಬೇಗ ಹಾರಿಹೋಗುತ್ತದೆ. ಒಂದಾದ ಮೇಲೊಂದಕ್ಕೆ ಹೋಗುವ ನಡುವೆ ಖಾಲಿ ಜೋಳದ ರೊಟ್ಟಿಯ ತುಣುಕು, ಒಂದು ಗುಟುಕು ನೀರು. ಬರೆದು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಮುಖವನ್ನೂ ಕಿವುಚುವಂತಿಲ್ಲ. ಇಬ್ಬರ ಅಂಕದಲ್ಲಿ ಏಳಕ್ಕಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಮತ್ತೆ ಕುಡಿದು ಚರ್ಚಿಸುತ್ತಾರೆ, ಇದೂ ಅಲ್ಲಿಂದಲೇ ತಂದ ಕ್ರಮ.

ಪಟ್ಟಿಯಲ್ಲಿ ‘ಒದ್ದೆ ಗೋಣಿ’, ‘ಹಸಿ ಹಿಟ್ಟು’, ‘ನಿಂಬೆ ಸಿಪ್ಪೆಯ ಕಹಿ’ ಅಂತೆಲ್ಲ ಬರುತ್ತದೆ. ಜೇವರ್ಗಿ ಗೆಳೆಯನ ಜೋಳದ ಬಾಟಲಿಗೆ ಎಲ್ಲರೂ ಬೇರೆ ಬೇರೆ ಕೂತು ‘ಒಗರು’ ಅಂತಲೇ ಬರೆದಿದ್ದರು. ಅವನು ಬೇಜಾರಾಗಲಿಲ್ಲ. ‘ಹಂಗಾರ ತಿಕ್ಕೂದ್ರಾಗೇ ಏನೋ ಅದ’ ಅಂದವನೇ ಮುಂದಿನ ಸಲ ಇನ್ನೂ ಒಂದು ಬಿಸಿಲು ಒಣಗಿಸಿ, ಎರಡು ಸಲ ಕೇರಿ, ನುಣ್ಣಗೆ ಬೀಸದೆ ನುಚ್ಚಿನ ಹದಕ್ಕೆ ಒಡೆಸಿಕೊಂಡು ಬಂದ. ಸಿಪ್ಪೆ ಪುಡಿಯಾಗದಿದ್ದರೆ ಒಗರು ಕಡಿಮೆ ಬಿಡುತ್ತದೆ. ಆ ಸಲ ಎಲ್ಲರಿಗಿಂತ ಹೆಚ್ಚು ಅಂಕ ಅವನ ನಂಬರಿಗೇ ಬಿತ್ತು.

ಇದನ್ನು ಕೇಳಿ ಅಮೆರಿಕದವನು ಅಲ್ಲಿ ಮೊಳಕೆ ಬರುವ ಜೋಳ ಹುಡುಕಿ, ನಮ್ಮ ಕ್ರಮದಲ್ಲೇ ಮಾಲ್ಟ್ ಮಾಡಿ, ಬಾರ್ಲಿಯ ಜೊತೆ ಸೇರಿಸಿ, ಶುಂಠಿ ಹಾಕಿ ನಿಜವಾದ ಬಿಯರನ್ನೇ ಮಾಡಿದ. ಅಲ್ಲಿನ ಸ್ಪರ್ಧೆಗಳಲ್ಲಿ ಬಾರ್ಲಿಯಲ್ಲದ ಧಾನ್ಯ ಸೇರಿದ ಬಿಯರುಗಳಿಗೆ ಬೇರೆ ವಿಭಾಗವೇ ಇದೆ. ಬಹುಮಾನ ಬರಲಿಲ್ಲ, ಒಳ್ಳೆಯ ಅಂಕ ಬಂತು. ಧಾನ್ಯದ ಹುರಿದ ಘಮವನ್ನು ತೀರ್ಪುಗಾರರು ಹೊಗಳಿದ್ದರು. ಶುಂಠಿಯ ಖಾರ ಗಂಟಲಿಗೆ ತಾಗುತ್ತದೆ, ಮೂಗಿಗೆ ಬರುವುದಿಲ್ಲ ಅಂತಲೂ ಬರೆದಿದ್ದರು. ನಮ್ಮ ಬಾಟಲಿಗಳಿಗೂ ಆ ಮಾತು ಹೊಂದುತ್ತದೆ, ಕಾಲು ಗಂಟೆ ಕುದಿಸಿದರೆ ಘಮವೆಲ್ಲ ಹಬೆಯ ಜೊತೆ ಹೋಗುತ್ತದೆ. ಈ ಸಲ ಅರ್ಧ ಶುಂಠಿಯನ್ನು ಕುದಿಸಿ, ಉಳಿದರ್ಧವನ್ನು ಒಲೆ ಆರಿಸಿದ ಮೇಲೆ ತುರಿದು ಹಾಕಿ ಮುಚ್ಚಿಟ್ಟಿದ್ದೇವೆ. ಹಳೆಯ ಕ್ರಮದ ಬಾಟಲಿಗಳನ್ನೂ ಜೊತೆಗೇ ತುಂಬಿದ್ದೇವೆ. ಯಾವುದು ಯಾವ ನಂಬರ್ ಅಂತ ಅಕ್ಕನಿಗೆ ಮಾತ್ರ ಗೊತ್ತು.