ಕಾಫಿ ಕಣಜದಲ್ಲಿ ಗಣಿತ ಪಾಠ: ನನ್ನ ಅನುಭವ

ಹತ್ತನೇ ತರಗತಿಯ ಗಣಿತವನ್ನು ತೋಟದ ಖಾಲಿ ಕಾಫಿ ಗೋದಾಮಿನಲ್ಲಿ ಮಳೆಗಾಲದಲ್ಲೇ ಮುಕ್ಕಾಲು ಪಾಲು ಮುಗಿಸಿ, ಶುಲ್ಕವನ್ನು ಮಾತ್ರ ಕಾಫಿ ಮಾರಿದ ಮೇಲೆ ಪಡೆಯುತ್ತೇನೆಂದು ನಾನು ಹೇಳಿದಾಗ, ಮಡಿಕೇರಿಯಲ್ಲಿ ಬಹುಕಾಲದಿಂದ ಟ್ಯೂಷನ್ ನಡೆಸುತ್ತಿರುವ ಹಿರಿಯರೊಬ್ಬರು, "ಮಾಸ್ಟ್ರೇ, ಆ ಮಳೆಯಲ್ಲಿ ಮಕ್ಕಳೂ ಬರುವುದಿಲ್ಲ, ಆಮೇಲೆ ದುಡ್ಡೂ ಬರುವುದಿಲ್ಲ" ಎಂದು ನಕ್ಕಿದ್ದರು. ಮೊದಲ ವರ್ಷ ಅವರ ಮಾತಿನಲ್ಲಿ ಅರ್ಧ ನಿಜವಾಯಿತು ಎಂಬುದನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನಾನು ಎಲ್ಲರಂತೆಯೇ ನಡೆಸಿ ಸೋತವನು. 2013ರಲ್ಲಿ ಮಡಿಕೇರಿಯಲ್ಲಿ ತಿಂಗಳಿಗೆ ಸುಮಾರು 4,500 ರೂಪಾಯಿ ಬಾಡಿಗೆಯ ಕೋಣೆ ಹಿಡಿದು, ತಲೆಗೆ 500ರಂತೆ ತಿಂಗಳ ಶುಲ್ಕ ಗೊತ್ತುಮಾಡಿದ್ದೆ. ಜೂನ್‌ನಲ್ಲಿ ಬೆಂಚು ತುಂಬುತ್ತಿತ್ತು; ಜುಲೈ ಬಂದೊಡನೆ ಮಳೆ ರಜೆಯ ದಿನಗಳಲ್ಲಿ ಟ್ಯೂಷನ್ನಿಗೂ ರಜೆಯೆಂದು ಮಕ್ಕಳೇ ತೀರ್ಮಾನಿಸುತ್ತಿದ್ದರು, ಬಾರದ ತಿಂಗಳಿಗೆ ಶುಲ್ಕವೇಕೆಂದು ಮನೆಯವರು ಕೇಳುತ್ತಿದ್ದರು. ಡಿಸೆಂಬರಿನಿಂದ ಕಾಫಿ ಕೊಯ್ಲಿಗೆ ಮನೆಮಂದಿಯೆಲ್ಲ ತೋಟಕ್ಕಿಳಿದರೆ ಮತ್ತೆ ಬೆಂಚು ಖಾಲಿ. ಎರಡು ವರ್ಷಗಳಲ್ಲಿ ಅರವತ್ತು ಸಾವಿರದಷ್ಟು ಕೈಬಿಟ್ಟಿತು. ಬೈಕು ಮಾರಿ ಬಾಡಿಗೆ ತೀರಿಸಿದೆ. ಆ ಮೇಲೆ ಮನೆಮನೆಗೆ ಹೋಗಿ ಕಲಿಸಿದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಇಲ್ಲವಾದಾಗ ಅದೂ ನಿಂತಿತು.

ಗೋದಾಮಿನ ಯೋಚನೆ ಬಂದದ್ದು ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ. ಕಾಫಿ ಮಾರಾಟವಾದ ಮೇಲೆ ಗೋದಾಮು ಜೂನ್‌ನಿಂದ ನವೆಂಬರಿನವರೆಗೆ ಖಾಲಿ ಬಿದ್ದಿರುತ್ತದೆ; ಮಳೆ ಎಷ್ಟು ಸುರಿದರೂ ಒಳಗೆ ಹನಿ ಬೀಳದಂತೆ ಕಟ್ಟಿದ ಕಟ್ಟಡ ಅದು. ಮೊಮ್ಮಗಳಿಗೆ ಬಿಟ್ಟಿ ಪಾಠವೆಂಬ ಒಪ್ಪಂದದ ಮೇಲೆ ಮಾಲೀಕರು ಬೀಗದ ಕೈ ಕೊಟ್ಟರು. ಲೈನ್ ಮನೆಗಳ (ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳ) ಮಕ್ಕಳು ಅಲ್ಲೇ ಇದ್ದರು, ಅಕ್ಕಪಕ್ಕದ ಸಣ್ಣ ಬೆಳೆಗಾರರ ಮಕ್ಕಳು ನಡೆದು ಬರುವಷ್ಟು ದೂರದಲ್ಲಿದ್ದರು. ಆನೆಗಳ ಕಾಟವಿರುವ ಊರಾದ್ದರಿಂದ ಸಂಜೆ ಪಾಠವನ್ನು ಕತ್ತಲಾಗುವ ಮೊದಲೇ ಮುಗಿಸುತ್ತಿದ್ದೆ. ಮಳೆ ರಜೆ ಘೋಷಣೆಯಾದ ದಿನ ಮಾತ್ರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕೂರಿಸುತ್ತಿದ್ದೆ. ಉಳಿದವರು ಶಾಪ ಹಾಕುತ್ತಿದ್ದ ರಜೆಯೇ ನನಗೆ ವರ್ಷಕ್ಕೆ ಹತ್ತು ಹನ್ನೆರಡು ಪೂರ್ಣ ಬೆಳಗುಗಳನ್ನು ಕೊಟ್ಟಿತು. ಕರೆಂಟು ದಿನಗಟ್ಟಲೆ ಇಲ್ಲದಿರುವುದರಿಂದ ಎರಡು ಎಮರ್ಜೆನ್ಸಿ ಲೈಟುಗಳಿಗೆ ಖರ್ಚು ಮಾಡಿದ್ದು ಬಿಟ್ಟರೆ ಬಂಡವಾಳವೇನೂ ಇಲ್ಲ.

ಮೊದಲ ತಂಡ 2019ರದ್ದು, ಇಪ್ಪತ್ತೆರಡು ಮಕ್ಕಳು. ತಲೆಗೆ 6,000, ಜೂನ್‌ನಲ್ಲಿ ಒಂದು ಸಾವಿರ, ಉಳಿದದ್ದು "ಪರೀಕ್ಷೆ ಮುಗಿದ ಮೇಲೆ" ಎಂದು ಬಾಯಿಮಾತಿನಲ್ಲಿ ಹೇಳಿದ್ದೇ ನನ್ನ ದೊಡ್ಡ ತಪ್ಪು. 2020ರ ಮಾರ್ಚಿನಲ್ಲಿ ಆಗಬೇಕಿದ್ದ ಪರೀಕ್ಷೆ ಕೊರೊನಾದಿಂದಾಗಿ ಜೂನ್ ಕೊನೆಗೆ ಹೋಯಿತು, ಶುಲ್ಕವೂ ಅದರ ಬೆನ್ನಿಗೇ ಹೋಯಿತು, ಅಷ್ಟರಲ್ಲಿ ಕಾಫಿಯ ಹಣ ಗೊಬ್ಬರಕ್ಕೂ ಸಾಲಕ್ಕೂ ಮುಗಿದಿತ್ತು. ಏಳು ಮನೆಗಳಿಂದ ಇಂದಿಗೂ ಬಂದಿಲ್ಲ. ಮರುವರ್ಷದಿಂದ ಗಡುವನ್ನು ಪರೀಕ್ಷೆಯಿಂದ ಬಿಡಿಸಿ, ಆಯಾ ಮನೆಯ ಕಾಫಿ ಮಾರಾಟವಾದ ವಾರಕ್ಕೆ ಕಟ್ಟಿದೆ. ಯಾರ ಕಾಫಿ ಯಾವ ವಾರ ಮಾರಾಟವಾಗುತ್ತದೆಂದು ನನಗೆ ತಿಳಿಯುವುದು ಹೇಗೆಂಬುದನ್ನು ಇಲ್ಲಿ ಬರೆಯಲಾರೆ, ಅದೇ ನನ್ನ ಹೊಟ್ಟೆಪಾಡು. ಲೈನ್ ಮನೆಯವರಿಗೆ ಈ ಲೆಕ್ಕ ಹೊಂದುವುದಿಲ್ಲ. ಬಟವಾಡೆ ವಾರಕ್ಕೊಮ್ಮೆ ಆಗುವುದರಿಂದ ಅವರಿಂದ ವಾರಕ್ಕೆ 50 ರೂಪಾಯಿ ಪಡೆಯುತ್ತೇನೆ, ಅಲ್ಲಿ ಬಾಕಿ ಉಳಿದದ್ದೇ ಕಡಿಮೆ.

ಸಂಖ್ಯಾಶಾಸ್ತ್ರದ ಪಾಠಕ್ಕೆ ಪುಸ್ತಕದ ಲೆಕ್ಕಗಳನ್ನು ನಾನು ಕೊನೆಗೆ ಮಾಡಿಸುತ್ತೇನೆ. ಇಲ್ಲಿನ ತೋಟದ ಮನೆಗಳಲ್ಲಿ ಮಳೆಯನ್ನು ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ)ಗಳಲ್ಲಿ ಬರೆದಿಡುವ ರೂಢಿಯುಂಟು. ಮಾಲೀಕರ ಮಳೆ ಪುಸ್ತಕ ತೆಗೆಸಿ, ಜುಲೈ ತಿಂಗಳ ಪುಟಗಳ ಅಂಕಿಗಳನ್ನು ವರ್ಗಾಂತರಗಳಾಗಿ (ಇಷ್ಟರಿಂದ ಇಷ್ಟರವರೆಗೆ ಎಂಬ ಗುಂಪುಗಳಾಗಿ) ವಿಂಗಡಿಸಿ, ಅವನ್ನು ಕೂಡುತ್ತಾ ಹೋಗುವ ಓಜೀವ್ ಎಂಬ ನಕ್ಷೆ ಎಳೆಸಿದೆ. "ಜುಲೈಯಲ್ಲಿ ಸರಾಸರಿ ದಿನಕ್ಕೆ ಇಷ್ಟು" ಎಂದು ಮಾಲೀಕರು ಹೇಳಿದಾಗ ಮೊಮ್ಮಗಳು, "ತಾತ, ಒಂದೇ ದಿನದ ಎಂಟು ಇಂಚು ನಿಮ್ಮ ಸರಾಸರಿಯನ್ನು ಮೇಲೆಳೆದಿದೆ, ಮಧ್ಯಾಂಕ ನೋಡಿ" ಎಂದು, ಅರ್ಧ ದಿನಗಳು ಕೆಳಗೆ, ಅರ್ಧ ದಿನಗಳು ಮೇಲೆ ಉಳಿಯುವ ಆ ನಡುವಿನ ಬೆಲೆಯ ಮೇಲೆ ನಕ್ಷೆಯಲ್ಲಿ ಬೆರಳಿಟ್ಟಳು. ಆ ಗುಂಪಿನಲ್ಲಿ ಅನಂತರ ಯಾರೂ ಸರಾಸರಿ, ಮಧ್ಯಾಂಕಗಳನ್ನು ಅದಲುಬದಲು ಮಾಡಲಿಲ್ಲ. ಇದೇ ಹುಮ್ಮಸ್ಸಿನಲ್ಲಿ ತ್ರಿಕೋನಮಿತಿಗೆ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರಗಳ ಎತ್ತರ ಅಳೆಯಿಸಲು ಹೋಗಿ, ಇಳಿಜಾರಿನ ಲೆಕ್ಕ ತಪ್ಪಿ, ಜಿಗಣೆ ಕಚ್ಚಿಸಿಕೊಂಡು ಮರಳಿದ್ದೂ ಉಂಟು. ವಾಟ್ಸಾಪ್‌ನಲ್ಲಿ ಧ್ವನಿಪಾಠ ಕಳುಹಿಸಿದ ವರ್ಷ ನೆಟ್‌ವರ್ಕ್ ಇದ್ದ ಮಕ್ಕಳು ಐದೋ ಆರೋ.

ಡಿಸೆಂಬರಿನಲ್ಲಿ ಗೋದಾಮಿಗೆ ಚೀಲಗಳು ಬರುವ ಹೊತ್ತಿಗೆ ನನ್ನ ಪಾಠಗಳು ಮುಗಿದಿರುತ್ತವೆ. ಕೊಯ್ಲು ತೀರುತ್ತಾ ಬಂದ ಫೆಬ್ರವರಿಯಿಂದ ಯಾರಾದರೊಬ್ಬರ ಜಗಲಿಯಲ್ಲಿ ಪುನರಾವರ್ತನೆ. 2024ರಿಂದ ಹತ್ತನೇ ತರಗತಿಯ ವಾರ್ಷಿಕ ಪರೀಕ್ಷೆ ಒಂದರ ಹಿಂದೊಂದು ನಡೆಯುವಂತಾದದ್ದರಿಂದ ನನ್ನ ವರ್ಷ ಮುಗಿಯುವ ದಿನವೇ ಕಾಣದಂತಾಗಿದೆ. ಮೊದಲನೆಯದರಲ್ಲಿ ಬಿದ್ದವರಿಗೆ ಹೆಚ್ಚುವರಿ ಶುಲ್ಕವಿಲ್ಲವೆಂದು ಹೇಳಿದ್ದೇನೆ, ಹೇಳಬಾರದಿತ್ತೋ ಏನೋ. ಕಳೆದ ಸಲ ಬರೆದ ಮೂವತ್ತರ ಆಸುಪಾಸಿನ ಮಕ್ಕಳಲ್ಲಿ ಇಬ್ಬರು ಮಾತ್ರ ಎರಡನೆಯ ಪರೀಕ್ಷೆಗೆ ಉಳಿದರು. ಎಂಬತ್ತಕ್ಕೆ ಎಪ್ಪತ್ತು ದಾಟಿದವರು ಒಂಬತ್ತು ಮಂದಿ. ನಕ್ಕಿದ್ದ ಹಿರಿಯರು ಈಗ ತಮ್ಮ ಕಡೆಯೂ ಖಾಲಿ ಗೋದಾಮು ಸಿಕ್ಕೀತೇ ಎಂದು ವಿಚಾರಿಸುತ್ತಿದ್ದಾರೆ.

ಶುಲ್ಕ ಈಗ 12,000. ಕಳೆದ ವರ್ಷ ಒಂದು ಮನೆಯವರು ಹಣದ ಬದಲು ಹತ್ತು ಕಿಲೋದಷ್ಟು ಕರಿಮೆಣಸು ತಂದಿಟ್ಟರು. ಅದನ್ನು ನಾನಿನ್ನೂ ಮಾರಿಲ್ಲ, ಬೆಲೆ ಇನ್ನೊಂದಿಷ್ಟು ಏರಲಿ ಎಂದು ಬೆಳೆಗಾರರಂತೆಯೇ ಕಾಯುತ್ತಿದ್ದೇನೆ.