ಡಿಸ್ಕ್ ಕಮ್ಮಿ, ಬಟ್ಟೆ ಜಾಸ್ತಿ

ಫಿನ್ಲೆಂಡಿನ ಎಸ್ಪೂನಲ್ಲಿ ನಮ್ಮದೊಂದು ಕನ್ನಡದವರ ಡಿಸ್ಕ್ ಗಾಲ್ಫ್ ಗುಂಪಿದೆ. ಗಾಲ್ಫಿನಂತೆಯೇ, ಆದರೆ ಚೆಂಡಿನ ಬದಲು ತಟ್ಟೆಯಂಥ ಡಿಸ್ಕನ್ನು ಪ್ರತಿ ಹೋಲಿನ ಬುಟ್ಟಿಗೆ ಎಸೆಯುವ ಆಟ. ಎಲ್ಲರ ಬೆನ್ನ ಮೇಲೂ ಇಪ್ಪತ್ತು ಡಿಸ್ಕ್ ಹಿಡಿಸುವ ಬ್ಯಾಗ್. ಇಬ್ಬರ ಹತ್ತಿರ ಎಳೆದುಕೊಂಡು ಹೋಗುವ ಗಾಡಿ. ಇವರ ನಡುವೆ ನಾನು ಏಳೇ ಡಿಸ್ಕ್ ಇಟ್ಟುಕೊಂಡು ಆಡ್ತೀನಿ ಅಂದಾಗ ಯಾರೂ ನಂಬಲಿಲ್ಲ. ಧಾರವಾಡದ ಗೆಳೆಯನಂತೂ ನನ್ನ ಸಣ್ಣ ಚೀಲ ನೋಡಿ, "ಏನೋಪಾ, ಕಾಯಿಪಲ್ಲೆ ತರಾಕ ಹೊಂಟಿ ಏನು?" ಅಂದ. ಹೋದ ತಿಂಗಳು ಅದೇ ಗೆಳೆಯ ಚೀಲದೊಳಗೆ ಏನೇನಿದೆ, ಫೋಟೋ ಕಳಿಸು ಅಂತ ಮೆಸೇಜ್ ಹಾಕಿದ. ಇನ್ನಿಬ್ಬರೂ ಕೇಳಿದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಪಟರ್ ಅಂದರೇನು, ಫೇರ್‌ವೇ ಡ್ರೈವರ್ ಅಂದರೇನು ಅಂತ ಇಲ್ಲಿ ಉದ್ದಕ್ಕೆ ವಿವರಿಸಲ್ಲ. ಆಡುವವರಿಗೆ ಗೊತ್ತಿರುವುದೇ. ಆಡದವರಿಗೆ ಇಷ್ಟು ಸಾಕು: ಪಟರ್ ಬುಟ್ಟಿಯ ಹತ್ತಿರದ ಎಸೆತಕ್ಕೆ (ಅದೇ ಪಟ್), ಮಿಡ್ ಅಂದರೆ ಮಿಡ್‌ರೇಂಜ್ ನಡುದೂರಕ್ಕೆ, ಡ್ರೈವರ್ ದೂರಕ್ಕೆ.

ನನ್ನ ಬ್ಯಾಗು ಉತ್ತುಂಗದಲ್ಲಿದ್ದಾಗ ಅದರಲ್ಲಿ 22 ಡಿಸ್ಕ್ ಇದ್ದವು. ಒಂದೊಂದು 170ರಿಂದ 175 ಗ್ರಾಂ. ಅಂದರೆ ಡಿಸ್ಕುಗಳೇ ನಾಲ್ಕು ಕೆಜಿ ಹತ್ತಿರ. ಖಾಲಿ ಬ್ಯಾಗು ಎರಡು ಕೆಜಿ. ಆಮೇಲೆ ನೀರು, ಕೊಡೆ, ಮಡಿಸುವ ಸ್ಟೂಲು, ಕಾಫಿ ಫ್ಲಾಸ್ಕು, ಪುಳಿಯೋಗರೆ ಡಬ್ಬಿ. ಒಮ್ಮೆ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟೆ. ಒಂಬತ್ತು ಕೆಜಿ ತೋರಿಸಿತು. ಇಲ್ಲಿಯ ಕಾಡಿನ ಕೋರ್ಸುಗಳಲ್ಲಿ 18 ಹೋಲ್ ಮುಗಿಸುವಾಗ, ಪೊದೆಯಲ್ಲಿ ಹುಡುಕಿದ್ದೂ ಸೇರಿ, ಆರು ಕಿಲೋಮೀಟರ್ ನಡೆದಿರುತ್ತೇವೆ. ಹದಿನಾಲ್ಕನೇ ಹೋಲ್ ದಾಟಿದ ಮೇಲೆ ನನ್ನ ಎಸೆತ ಹತ್ತು ಹದಿನೈದು ಮೀಟರ್ ಕಡಿಮೆ ಬೀಳುತ್ತಿತ್ತು. ಸುಸ್ತು ಕೈಗಲ್ಲ, ಕಾಲಿಗೆ ಮತ್ತು ಸೊಂಟಕ್ಕೆ. ಎಸೆತ ಹುಟ್ಟುವುದೇ ಅಲ್ಲಿಂದ ತಾನೇ.

ಇದಕ್ಕೆ ಎಲ್ಲರೂ ಹೇಳಿದ ಪರಿಹಾರ ಗಾಡಿ. 260 ಯೂರೋ ಆಸುಪಾಸು ಕೊಟ್ಟು ತಂದೆ. ಹೆಲ್ಸಿಂಕಿಯ ಟಾಲಿ ಕೋರ್ಸಿನ ಬಯಲಿನಲ್ಲಿ ಚೆನ್ನಾಗಿ ಉರುಳಿತು. ಕಾಡಿನೊಳಗೆ ಬಂದ ಕೂಡಲೇ ಕಥೆ ಬೇರೆ. ಪೈನ್ ಮರದ ಬೇರು, ಪಾಚಿ ಹಿಡಿದ ಬಂಡೆ, ಮರದ ಮೆಟ್ಟಿಲು. ಎಳೆಯುವುದಕ್ಕಿಂತ ಎತ್ತಿದ್ದೇ ಜಾಸ್ತಿ. ನನ್ನ ಹತ್ತಿರ ಕಾರಿಲ್ಲ. ಬಸ್ಸಿನಲ್ಲಿ ಅದನ್ನು ಮಗುವಿನ ತಳ್ಳುಗಾಡಿ ನಿಲ್ಲಿಸುವ ಜಾಗದಲ್ಲಿ ನಿಲ್ಲಿಸುತ್ತಿದ್ದೆ. ನಿಜವಾದ ಮಗುವಿನ ಗಾಡಿ ಬಂದರೆ ನಾನು ಇಳಿಯಬೇಕು. ಚಳಿಗಾಲದಲ್ಲಿ ಹಿಮದ ಮೇಲೆ ಚಕ್ರ ಉರುಳುವುದೇ ಇಲ್ಲ. ಒಂದು ವರ್ಷ ಇಟ್ಟುಕೊಂಡು 140ಕ್ಕೆ ಮಾರಿದೆ.

ಆ ಬೇಸಿಗೆಯಲ್ಲೇ ಇನ್ನೊಂದು ಕೆಲಸ ಶುರು ಮಾಡಿದ್ದೆ. ಪ್ರತಿ ಎಸೆತಕ್ಕೆ ಯಾವ ಡಿಸ್ಕ್ ತೆಗೆದೆ ಅಂತ ಫೋನಿನಲ್ಲಿ ಗೀಚಿಟ್ಟುಕೊಳ್ಳುವುದು. ನೀವೂ ಮಾಡಿ ನೋಡಿ, ನಾಚಿಕೆಯಾಗುತ್ತದೆ. ಪಟ್ ಬಿಟ್ಟರೆ ನೂರಕ್ಕೆ ಎಂಬತ್ತು ಎಸೆತ ಐದೇ ಡಿಸ್ಕಿನವು. ಒಂಬತ್ತು ಡಿಸ್ಕ್ ಬೇಸಿಗೆಯಿಡೀ ಹೊರಗೇ ಬಂದಿರಲಿಲ್ಲ. ಅವು ಸುಮ್ನೆ ನನ್ನ ಬೆನ್ನ ಮೇಲೆ ಊರು ನೋಡಿಕೊಂಡು ಬಂದಿದ್ದವು. ಟೀ ಮೇಲೆ, ಅಂದರೆ ಮೊದಲ ಎಸೆತದ ಜಾಗದಲ್ಲಿ ನಿಂತು ಒಂದೇ ತರಹ ಹಾರುವ ನಾಲ್ಕು ಡ್ರೈವರುಗಳಲ್ಲಿ ಯಾವುದು ಅಂತ ಯೋಚಿಸುವುದರಲ್ಲೇ ಟೈಮ್ ಹೋಗುತ್ತಿತ್ತು. ನಿಯಮದ ಪ್ರಕಾರ ಸಿಗುವುದು 30 ಸೆಕೆಂಡ್. ವಾರದ ಪಂದ್ಯದಲ್ಲಿ ಫಿನ್ನಿಶ್ ಹಿರಿಯರೊಬ್ಬರು ಏನೂ ಹೇಳದೆ ಕೈಗಡಿಯಾರ ನೋಡಿಕೊಂಡರು. ಇಲ್ಲಿ ಅದೇ ದೊಡ್ಡ ಬೈಗುಳ.

ಮೊದಲು ಮೂರಕ್ಕೆ ಇಳಿಸಿ ನೋಡಿದೆ. ಒಂದು ಪಟರ್, ಒಂದು ಮಿಡ್, ಒಂದು ಫೇರ್‌ವೇ. ಗಾಳಿಯಿಲ್ಲದ ದಿನ ಎಸ್ಪೂನ ಪುವೊಲರ್ಮಾರಿ ಕೋರ್ಸಿನಲ್ಲಿ ಸೊಗಸಾಗಿ ನಡೆಯಿತು, ನನ್ನ ಮಾಮೂಲಿ ಸ್ಕೋರೇ ಬಂತು. ಆದರೆ ಎದುರುಗಾಳಿ ಬಂದ ದಿನ ಫೇರ್‌ವೇ ಡಿಸ್ಕ್ ಬಲಕ್ಕೆ ಮಗುಚಿಕೊಂಡು ಹೋಗಿ ಬಿದ್ದದ್ದು ಪಕ್ಕದ ಹೋಲಿನಲ್ಲಿ. ಇನ್ನೊಂದು ದಿನ ನಾಲ್ಕನೇ ಹೋಲಿನಲ್ಲೇ ಪಟರ್ ಕಳೆಯಿತು. ಮೂರು ನಿಮಿಷ ಹುಡುಕಿದೆವು, ಸಿಗಲಿಲ್ಲ. ಉಳಿದ ಹದಿನಾಲ್ಕು ಹೋಲ್ ಮಿಡ್‌ರೇಂಜಿನಲ್ಲೇ ಪಟ್ ಮಾಡಿದೆ. ಗೆಳೆಯರು ನಕ್ಕದ್ದು ಆ ದಿನವೇ. "ಹೇಳಿದ್ದೆವಲ್ಲ" ಅಂದರು.

ಅಲ್ಲಿಂದ ಒಂದೊಂದೇ ಸೇರಿಸುತ್ತಾ ಏಳಕ್ಕೆ ಬಂದು ನಿಂತಿದ್ದೇನೆ. ಎರಡು ಏವಿಯಾರ್ ಪಟರ್, ಎರಡೂ ಒಂದೇ ತೂಕ, ಒಂದೇ ಪ್ಲಾಸ್ಟಿಕ್. ಒಂದು ಕಳೆದರೆ ಇನ್ನೊಂದು ಇದೆ ಅನ್ನುವುದಕ್ಕೆ. ಒಂದು ಬಝ್ ಮಿಡ್. ಗಾಳಿಗೆ ಮತ್ತು ಫೋರ್‌ಹ್ಯಾಂಡಿಗೆ ಒಂದು ಫೈರ್‌ಬರ್ಡ್. ಉಳಿದ ಮೂರೂ ಟೀಬರ್ಡ್ ಅನ್ನುವ ಫೇರ್‌ವೇ ಡ್ರೈವರ್. ಹೌದು, ಮೂರೂ ಒಂದೇ ಡಿಸ್ಕು. ಅತಿ ದೂರಕ್ಕೆ ಎಸೆಯುವ ಡೆಸ್ಟ್ರಾಯರ್ ಇಲ್ಲವಾ ಅಂತ ಕೇಳುತ್ತಾರೆ. ನನ್ನ ಎಸೆತ ಹೆಚ್ಚೆಂದರೆ 90 ಮೀಟರ್. ವೇಗದ ಅಂಕ 12 ಇರುವ ಆ ಡಿಸ್ಕಿಗೆ ಅಷ್ಟು ಸಾಲದು. ಎಡಕ್ಕೆ ತಿರುಗಿ ನೆಲ ಕಚ್ಚುತ್ತದೆ. ಟೀಬರ್ಡಿನಲ್ಲೂ 85 ಬರುತ್ತದೆ. ಐದು ಮೀಟರಿಗೆ 18 ಯೂರೋ ಯಾರು ಕೊಡುತ್ತಾರೆ?

ಯಾರೂ ಒಪ್ಪದೇ ಇದ್ದದ್ದು ಈ ಮೂರು ಟೀಬರ್ಡಿನ ಲೆಕ್ಕವನ್ನೇ. ಮೂರೂ ಅಗ್ಗದ ಡಿಎಕ್ಸ್ ಪ್ಲಾಸ್ಟಿಕ್, ಒಂದಕ್ಕೆ ಹತ್ತು ಯೂರೋ. ಎಲ್ಲರೂ ದುಬಾರಿ ಪ್ಲಾಸ್ಟಿಕ್ ತೆಗೆದುಕೊಳ್ಳುವುದು ಅದು ಸವೆಯಲ್ಲ ಅಂತ. ನನಗೆ ಬೇಕಾದದ್ದು ಸವೆತವೇ. ಹೊಸ ಡಿಎಕ್ಸ್ ಟೀಬರ್ಡ್ ನನ್ನ ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಕೊನೆಗೆ ಎಡಕ್ಕೆ ಇಳಿಯುತ್ತದೆ. ಒಂದು ಬೇಸಿಗೆ ಇಲ್ಲಿಯ ಬಂಡೆಗಳಿಗೆ ಬಡಿಸಿಕೊಂಡರೆ ನೇರ ಹೋಗುತ್ತದೆ. ಇನ್ನೊಂದು ಬೇಸಿಗೆ ಕಳೆದರೆ ಬಲಕ್ಕೆ ವಾಲುತ್ತದೆ. ಕೈಗೆ ಮೂರರ ಹಿಡಿತವೂ ಒಂದೇ, ಬಿಡುವ ರೀತಿಯೂ ಒಂದೇ. ಹಾರಾಟ ಮಾತ್ರ ಮೂರು ತರಹ. ಇದು ನಾನು ಕಂಡುಹಿಡಿದದ್ದೇನಲ್ಲ. ಹಳೆಯ ತಲೆಮಾರಿನ ಆಟಗಾರರು ರಾಕ್ ಡಿಸ್ಕನ್ನು ಹೀಗೇ ಸರದಿಯಲ್ಲಿ ಆಡಿಸುತ್ತಿದ್ದರು. ನಾನು ಮಿಡ್‌ರೇಂಜಿನ ಬದಲು ಫೇರ್‌ವೇಯಲ್ಲಿ ಮಾಡಿದೆ, ಅಷ್ಟೇ.

ಎರಡು ಬೇಸಿಗೆ ಕಾಯಬೇಕಾ ಅಂತ ಕೇಳಬಹುದು. ಬೇಡ. ಹೊಸ ಡಿಸ್ಕನ್ನು ಮೂರು ವಾರದಲ್ಲಿ ನಡುವಿನ ಹದಕ್ಕೆ ತರುವ ಒಂದು ದಾರಿ ನನ್ನ ಹತ್ತಿರ ಇದೆ. ಮರಳು ಕಾಗದ ಅಲ್ಲ. ಹಾರಾಟ ಬದಲಿಸಲು ಉಜ್ಜುವುದು ನಿಯಮಕ್ಕೆ ವಿರುದ್ಧ. ಇದು ಎಸೆದೇ ಮಾಡುವುದು. ಎಲ್ಲಿ, ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ವಾರದ ಪಂದ್ಯದಲ್ಲಿ ನನಗೆ ಎದುರಾಗುವವರೂ ಇದನ್ನು ಓದುತ್ತಾರೆ.

ಒಂದು ತೊಂದರೆ ಇದೆ. ಚಳಿಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಮೈನಸ್ ಹತ್ತರ ಹತ್ತಿರ ಇದ್ದ ದಿನ ನನ್ನ ಅತಿ ಹಳೆಯ ಟೀಬರ್ಡ್ ಬಂಡೆಗೆ ಬಡಿದು ಅಂಚು ಸೀಳಿತು. ಸೀಳಿದ ಡಿಸ್ಕ್ ಪಂದ್ಯದಲ್ಲಿ ನಡೆಯಲ್ಲ. ಅದು ತುಂಬ ಒಳ್ಳೆಯ ಹದಕ್ಕೆ ಬಂದಿತ್ತು, ಈಗಲೂ ಹೊಟ್ಟೆ ಉರಿಯುತ್ತದೆ. ಅಂದಿನಿಂದ ಡಿಸೆಂಬರ್ ಬಂದರೆ ಹಳೆಯ ಎರಡು ಟೀಬರ್ಡ್ ಮನೆಯಲ್ಲಿ. ಚಳಿಗಾಲದ ಚೀಲದಲ್ಲಿ ಐದೇ ಡಿಸ್ಕ್.

ಈಗ ಬಟ್ಟೆಯ ವಿಷಯ. ನನ್ನ ಸ್ಕೋರ್ ಇಳಿದದ್ದು (ಈ ಆಟದಲ್ಲಿ ಕಮ್ಮಿ ಇದ್ದಷ್ಟೂ ಒಳ್ಳೆಯದು) ಡಿಸ್ಕ್ ಕಡಿಮೆ ಮಾಡಿದ್ದರಿಂದ ಅರ್ಧ, ಬಟ್ಟೆ ಜಾಸ್ತಿ ಮಾಡಿದ್ದರಿಂದ ಅರ್ಧ. ಅಕ್ಟೋಬರ್, ನವೆಂಬರಿನಲ್ಲಿ ಇಲ್ಲಿ ಜಡಿಮಳೆ. ಮೇಲಿಂದ ಬರುವ ನೀರಿಗಿಂತ ಹುಲ್ಲು, ಪಾಚಿಯಿಂದ ಡಿಸ್ಕಿಗೆ ಅಂಟುವ ನೀರು ಜಾಸ್ತಿ. ಹೆಬ್ಬೆರಳ ಕೆಳಗೆ ಒಂದು ಹನಿ ಇದ್ದರೂ ಡಿಸ್ಕ್ ಮೊದಲೇ ಜಾರುತ್ತದೆ, ಎಡಗಡೆಯ ಮರಕ್ಕೆ ಹೋಗಿ ಬಡಿಯುತ್ತದೆ. ಎಲ್ಲರ ಬ್ಯಾಗಿಗೂ ಒಂದು ದಪ್ಪ ಮೈಕ್ರೋಫೈಬರ್ ಟವೆಲ್ ನೇತಾಡುತ್ತಿರುತ್ತದೆ. ಐದಾರು ಹೋಲ್ ಆಗುವಷ್ಟರಲ್ಲಿ ಅದೇ ಒದ್ದೆ. ಆಮೇಲೆ ಅದು ಒರೆಸುವುದಿಲ್ಲ, ಹಚ್ಚುತ್ತದೆ.

ನನ್ನ ಹತ್ತಿರ ಈಗ ಇರುವುದು ಅಪ್ಪನ ಹಳೆಯ ಹತ್ತಿ ಪಂಚೆ. ಆರು ತುಂಡು ಮಾಡಿ ಅಂಚು ಹೊಲಿಸಿದ್ದೇನೆ. ಆರೂ ಸೇರಿ ಒಂದು ದಪ್ಪ ಟವೆಲಿನ ತೂಕ ಬರಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಒಣಗಿರುತ್ತವೆ. ಮೂರು ಹೋಲಿಗೆ ಒಂದು ತುಂಡು. ಒದ್ದೆಯಾದದ್ದು ಬೇರೆ ಕವರಿಗೆ, ಅದನ್ನು ಮತ್ತೆ ಮುಟ್ಟಬಾರದು. ಹದಿನೆಂಟನೇ ಹೋಲಿನಲ್ಲೂ ಒಣ ಬಟ್ಟೆ ಕೈಯಲ್ಲಿರುತ್ತದೆ. ಊರಿಂದ ಹೊಸ ಪಂಚೆ ತರಿಸಿ ಕತ್ತರಿಸಬೇಡಿ. ನಾನು ಅದನ್ನೂ ನೋಡಿದ್ದೇನೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದೇ ಇಲ್ಲ. ಹತ್ತಾರು ಸಲ ಒಗೆದು ಮೆತ್ತಗಾದದ್ದೇ ಬೇಕು. ಗೆಳೆಯರು ಮೊದಲು "ಪೂಜೆಗೆ ಬಂದ್ಯಾ" ಅಂತ ಕೀಟಲೆ ಮಾಡಿದರು. ಹೋದ ನವೆಂಬರಿನಲ್ಲಿ ಇಬ್ಬರು ನನ್ನ ಹತ್ತಿರವೇ ಒಂದೊಂದು ತುಂಡು ಕೇಳಿ ತಗೊಂಡರು. ವಾಪಸ್ ಇನ್ನೂ ಬಂದಿಲ್ಲ.

ಕೈ ಒಣಗಿಸುವ ಪುಟ್ಟ ಚೀಲ ಅಂಗಡಿಯಲ್ಲಿ ಹತ್ತು ಹದಿನೈದು ಯೂರೋ. ಅದನ್ನು ಮನೆಯಲ್ಲೇ ಮಾಡೋಣ ಅಂತ ಹಳೆಯ ಕಾಲುಚೀಲಕ್ಕೆ ಅಕ್ಕಿಹಿಟ್ಟು ತುಂಬಿ ಹೊಲಿದೆ. ಮೊದಲ ಒಂಬತ್ತು ಹೋಲ್ ಅದ್ಭುತ. ಆಮೇಲೆ ಮಳೆ ಬಂತು. ಚೀಲ ಮುದ್ದೆಯಂತೆ ಗಂಟು ಕಟ್ಟಿತು, ಕೈ ಅಂಟಂಟು. ಮಾರನೇ ದಿನ ಹುಳಿ ವಾಸನೆ ಬೇರೆ. ಈಗ ಒಳಗೆ ಮರದ ಹೊಟ್ಟು ಮತ್ತು ಇನ್ನೊಂದು ವಸ್ತು ಇದೆ. ಎರಡನೆಯದು ನಮ್ಮ ಅಡುಗೆಮನೆಯದೇ. ಊಹಿಸಿ.

ತೇಲುವ ಡಿಸ್ಕಿನ ಪ್ರಯೋಗವನ್ನೂ ಹೇಳಬೇಕು. ನಾವು ಆಡುವ ಒಂದು ಕೋರ್ಸಿನಲ್ಲಿ ನೀರು ದಾಟಿಸುವ ಹೋಲ್ ಇದೆ. ಅಲ್ಲಿ ನಾನು ಕಳೆದುಕೊಂಡದ್ದು ನೂರು ಯೂರೋಗೆ ಕಡಿಮೆ ಇರಲಾರದು. ಆ ಒಂದು ಹೋಲಿಗೆ ಅಂತ ನೀರಲ್ಲಿ ತೇಲುವ ಡ್ರ್ಯಾಗನ್ ಕೊಂಡೆ. ಹಗುರ ಡಿಸ್ಕು, ಚೆನ್ನಾಗಿ ಹಾರುತ್ತದೆ. ನೀರಿಗೂ ಬಿತ್ತು, ಹೇಳಿದಂತೆ ತೇಲಿತು. ಆಮೇಲೆ ಗಾಳಿಗೆ ನಿಧಾನವಾಗಿ ನಡುನೀರಿಗೆ ಹೊರಟುಹೋಯಿತು. ಮುಳುಗಿದ ಡಿಸ್ಕಾದರೆ ಬಿದ್ದಲ್ಲೇ ಇರುತ್ತದೆ, ಹಗ್ಗ ಕಟ್ಟಿದ ಕುಂಟೆ ಎಸೆದು ಎಳೆಯಬಹುದು. ಆ ಕುಂಟೆ ಭಾರ, ಗುಂಪಿಗೆ ಒಂದೇ ಸಾಕು. ನಮ್ಮಲ್ಲಿ ಅದು ಗಾಡಿ ಇರುವವನ ಪಾಲು. ನಾನು ಈಗ ಆ ಹೋಲಿಗೆ ಹಳೆಯ ಏವಿಯಾರ್ ಎಸೆದು ಎರಡು ಎಸೆತದಲ್ಲಿ ನೀರನ್ನು ಸುತ್ತಿಕೊಂಡು ಹೋಗುತ್ತೇನೆ.

ಹಿಮದಲ್ಲಿ ಡಿಸ್ಕಿನ ತಳಕ್ಕೆ ರಿಬ್ಬನ್ ಅಂಟಿಸುವುದು ಇಲ್ಲಿಯವರ ರೂಢಿ. ಡಿಸ್ಕ್ ಹೂತುಹೋದರೂ ಬಾಲ ಮೇಲೆ ಕಾಣುತ್ತದೆ. ಒಂದು ಮೀಟರ್ ಸಾಕು. ಎರಡು ಮೀಟರ್ ಹಾಕಿ ನೋಡಿದೆ, ಡಿಸ್ಕ್ ಬೇಗ ಇಳಿಯುತ್ತದೆ, ರಿಬ್ಬನ್ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಟೇಪನ್ನು ಮನೆಯಲ್ಲಿ, ಡಿಸ್ಕ್ ಬೆಚ್ಚಗಿರುವಾಗಲೇ ಅಂಟಿಸಿ. ಹೊರಗೆ ಅಂಟಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಕಾಲಿಗೆ ಸೂರ್ಯ ಮುಳುಗುವ ಊರಿದು. ಆಫೀಸು ಮುಗಿಸಿ ಆಡಬೇಕು ಅಂದರೆ ತಳಕ್ಕೆ ಪುಟ್ಟ ಎಲ್‌ಇಡಿ ಬೇಕೇ ಬೇಕು. ಐದು ಡಿಸ್ಕಾದರೆ ಐದೇ ದೀಪ. ಇಪ್ಪತ್ತು ಡಿಸ್ಕ್ ಹೊರುವವರು ಬ್ಯಾಟರಿಗೆ ಎಷ್ಟು ಕೊಡುತ್ತಾರೋ!

ಉಳಿದದ್ದು ಚುಟುಕಾಗಿ. ಮುಕ್ಕಾಲು ಲೀಟರ್ ನೀರು, ಡಿಸ್ಕ್ ಬಿದ್ದ ಜಾಗ ಗುರುತಿಸುವ ಪುಟ್ಟ ಮಾರ್ಕರ್ ಮಿನಿ, ಮೈಗೆ ಕಚ್ಚಿಕೊಂಡ ಉಣುಗು ಕೀಳುವ ಚಿಮುಟ, ಒಂದು ಜೊತೆ ಒಣ ಕಾಲುಚೀಲ, ಎರಡು ಚಪಾತಿ ರೋಲ್. ಚಿಮುಟವನ್ನು ಮಾತ್ರ ಬಿಡಬೇಡಿ, ಕರಾವಳಿ ಕಡೆಯ ಪೊದೆಗಳಲ್ಲಿ ಉಣುಗು ಜಾಸ್ತಿ. ಸ್ಟೂಲು, ಕೊಡೆ, ದೂರ ಅಳೆಯುವ ಯಂತ್ರ ಎಲ್ಲ ಹೋಯಿತು. ಒಟ್ಟು ತೂಕ ಮೂರು ಕೆಜಿ ಆಸುಪಾಸು. ಜುಲೈ ಕೊನೆಗೆ ಖಾಲಿ ಡಬ್ಬಿಯೊಂದು ಸೇರಿಕೊಳ್ಳುತ್ತದೆ, ಕಾಡಿನ ಬ್ಲೂಬೆರಿ ಆರಿಸಲು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಇಲ್ಲಿ.

"ಪ್ರೊ ಆಟಗಾರರು ಇಪ್ಪತ್ತರ ಮೇಲೆ ಹೊರುತ್ತಾರಲ್ಲ" ಅನ್ನುವ ಮಾತು ಬಂದೇ ಬರುತ್ತದೆ. 2025ರ ವಿಶ್ವ ಚಾಂಪಿಯನ್‌ಶಿಪ್ ಇಲ್ಲೇ ಫಿನ್ಲೆಂಡಿನ ನೋಕಿಯಾ, ಟಾಂಪೆರೆ ಊರುಗಳಲ್ಲಿ ನಡೆಯಿತು. ಅವರ ಬ್ಯಾಗುಗಳು ದೊಡ್ಡವೇ, ನಿಜ. ಆದರೆ ಎಷ್ಟೋ ಜನರ ಬ್ಯಾಗು ಹೊತ್ತಿರುವುದು ಕ್ಯಾಡಿ. ಡಿಸ್ಕಿಗೂ ಅವರು ದುಡ್ಡು ಕೊಡಬೇಕಿಲ್ಲ. ನನಗೆ ಕ್ಯಾಡಿ ಕೊಡಿಸಿ, ನಾನೂ ಇಪ್ಪತ್ತೈದು ಇಟ್ಟುಕೊಳ್ಳುತ್ತೇನೆ. ನೋಕಿಯಾದ ಬೀಸ್ಟ್ ಕೋರ್ಸಿಗೆ ಹೋದರೆ ನಾನೂ ಒಂದೆರಡು ಹೆಚ್ಚು ಹಾಕಿಕೊಳ್ಳುತ್ತೇನೆ. ಅಲ್ಲಿಯ ಹೋಲ್‌ಗಳ ಉದ್ದ ಹಾಗಿದೆ.

ಸ್ಕೋರ್ ಹೇಳದಿದ್ದರೆ ನೀವು ನಂಬಲ್ಲ. ಪುವೊಲರ್ಮಾರಿಯಲ್ಲಿ ಮೊದಲು ಪಾರ್‌ಗಿಂತ, ಅಂದರೆ ಕೋರ್ಸಿಗೆ ನಿಗದಿಯಾದ ಎಸೆತಗಳಿಗಿಂತ, ಎಂಟೊಂಬತ್ತು ಜಾಸ್ತಿ ಬರುತ್ತಿತ್ತು. ಈಗ ಎರಡು ಮೂರು. ಹೋದ ಸೆಪ್ಟೆಂಬರಿನ ಒಂದು ಮಳೆಯ ಸಂಜೆ ವಾರದ ಪಂದ್ಯದಲ್ಲಿ ನನ್ನ ವರ್ಗದಲ್ಲಿ ಮೊದಲು ಬಂದೆ. ಬಹುಮಾನ ಒಂದು ಡಿಸ್ಕ್. ಅದನ್ನೂ ಅಲ್ಲೇ ಒಬ್ಬ ಹುಡುಗನಿಗೆ ಕೊಟ್ಟು ಬಂದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಡಿಸ್ಕು, ಬ್ಯಾಗು, ಗಾಡಿ, ಕೊಡೆ, ಸ್ಟೂಲು ಸೇರಿ ಮೂರು ವರ್ಷದಲ್ಲಿ ಒಂಬೈನೂರು ಯೂರೋ ಹತ್ತಿರ ಹೋಗಿದೆ. ಮಾರಿ ಬಂದದ್ದು ಮುನ್ನೂರು. ಈಗ ವರ್ಷಕ್ಕೆ ನಾಲ್ಕೈದು ಡಿಎಕ್ಸ್ ಡಿಸ್ಕ್, ಐವತ್ತು ಯೂರೋ ಒಳಗೆ. ಇನ್ನೂ ಹನ್ನೊಂದು ಡಿಸ್ಕ್ ನಮ್ಮ ಕಟ್ಟಡದ ನೆಲಮಾಳಿಗೆಯ ಉಗ್ರಾಣದಲ್ಲಿವೆ. ಹೆಚ್ಚಿನವು ವೇಗದ ಡ್ರೈವರುಗಳು, ಹೊಸತರಂತೆಯೇ ಇವೆ. ಎಸ್ಪೂ, ಹೆಲ್ಸಿಂಕಿ ಕಡೆಯ ಕನ್ನಡದವರು ಯಾರಾದರೂ ಹೊಸದಾಗಿ ಶುರು ಮಾಡುವವರಿದ್ದರೆ ಒಂದಕ್ಕೆ ಐದು ಯೂರೋ. ಪಂಚೆ ತುಂಡು ಮಾತ್ರ ಮಾರಾಟಕ್ಕಿಲ್ಲ.